ಗದ್ದೆಯ ಚಹಾ ಬಣ್ಣದ ನೀರು ಕಡಲಿಗೆ ಹೋಗಿ ಏನಾಗುತ್ತದೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಸಿಂಧನೂರು ತಾಲ್ಲೂಕಿನ ರೈತ. ತುಂಗಭದ್ರಾ ಎಡದಂಡೆ ಕಾಲುವೆ ನೀರಿನಲ್ಲಿ ಆರು ಎಕರೆ ನೆಲ್ಲು ಬೆಳೆಯುತ್ತೇನೆ. ಎಕರೆಗೆ 35 ಚೀಲದ ಆಸುಪಾಸು ಬರುತ್ತದೆ. ಮಿಷನ್‌ನಲ್ಲಿ ಕೊಯ್ದ ಮೇಲೆ ಹುಲ್ಲು ಗದ್ದೆಯಲ್ಲೇ ಬೀಳುತ್ತದೆ. ಅದರ ಮೇಲೆ ನೀರು ಕಟ್ಟಿದರೆ ಎರಡು ಮೂರು ದಿನಕ್ಕೆ ನೀರು ಕರಿ ಚಹಾದ ಬಣ್ಣಕ್ಕೆ ಬರುತ್ತದೆ. ಆ ನೀರು ಬದು ದಾಟಿ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಹೋಗುವುದು ನೋಡಿದರೆ ನನ್ನ ಹೊಲದ ಸತ್ವವೇ ಹರಿದು ಹೋದಂತೆ ಅನಿಸುತ್ತದೆ. ಅದಕ್ಕೇ ಹೋದ ವರ್ಷ ಹುಲ್ಲು ಸುಟ್ಟುಬಿಟ್ಟೆ. ಈಗ ಒಬ್ಬರು 'ಕಡಲ ಹ್ಯೂಮಿಕ್' ಅಂತ 5 ಲೀಟರಿನ ಕ್ಯಾನ್ ತಂದಿದ್ದಾರೆ. ಬೆಲೆ 3,200 ರೂಪಾಯಿ. ಎಕರೆಗೆ ಒಂದು ಲೀಟರ್ ಹಾಕಿ ಅನ್ನುತ್ತಾರೆ. ಸಮುದ್ರದಲ್ಲಿ ಕರಗಿರುವ ಇಂಗಾಲ ಆರು ಸಾವಿರ ವರ್ಷ ಕೊಳೆಯುವುದಿಲ್ಲವಂತೆ, ನಿಮ್ಮ ನೆಲದಲ್ಲೂ ಹಾಗೇ ಉಳಿಯುತ್ತದೆ ಅಂತ ಅವರ ಮಾತು. ಇದು ನಿಜವೇ? ರಾಯಚೂರಿನಲ್ಲಿ ಬಿ.ಎಸ್ಸಿ ಓದುವ ನನ್ನ ಮಗಳು ಇನ್ನೊಂದು ಕೇಳುತ್ತಾಳೆ. ಇಷ್ಟು ನದಿಗಳು ಇಷ್ಟು ಕಾಲದಿಂದ ಈ ಕೆಂಚು ನೀರು ಸುರಿಯುತ್ತಿದ್ದರೆ ಸಮುದ್ರ ಯಾಕೆ ಚಹಾ ಬಣ್ಣಕ್ಕೆ ತಿರುಗಿಲ್ಲ? ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ: ಅಣ್ಣ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ಹುಟ್ಟಿ ಬೆಳೆದದ್ದು ಮಾನ್ವಿ ಕಡೆಯ ಹಳ್ಳಿಯಲ್ಲಿ. ಆಮೇಲೆ ಇಪ್ಪತ್ತು ವರ್ಷ ಕಡಲ ನೀರಿನ ರಸಾಯನಶಾಸ್ತ್ರದಲ್ಲೇ ಕೆಲಸ ಮಾಡಿದೆ. ಗದ್ದೆಯ ನೀರನ್ನೂ ಕಡಲ ತಳದ ನೀರನ್ನೂ ಒಂದೇ ಪತ್ರದಲ್ಲಿ ಯಾರೂ ಕೇಳಿರಲಿಲ್ಲ. ಎರಡೂ ಒಂದೇ ವಿಷಯ ಅಂತ ನನಗೆ ಮೊದಲಿನಿಂದ ಅನಿಸಿದೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನಿಮ್ಮ ಚಿಂತೆ. ನೀರಿಗೆ ಬಣ್ಣ ಕೊಡುವುದು ಹುಲ್ಲಿನಿಂದ, ಬೇರಿನಿಂದ, ಕೊಳೆತ ಎಲೆಯಿಂದ ಬಿಟ್ಟುಕೊಂಡ ಪದಾರ್ಥ. ಚಹಾಪುಡಿ ಬಿಸಿನೀರಿಗೆ ಬಣ್ಣ ಬಿಡುವುದೂ ಇದೇ ಕೆಲಸ. ಇದಕ್ಕೆ ಕರಗಿದ ಸಾವಯವ ಪದಾರ್ಥ ಅನ್ನುತ್ತೇವೆ. ಬಟ್ಟೆಯಲ್ಲಿ ಸೋಸಿದರೆ ಹೋಗುವುದಿಲ್ಲ. ನಮ್ಮ ಪ್ರಯೋಗಾಲಯದ ಗಾಜಿನ ನಾರಿನ ಸೋಸುಕಾಗದದ ತೂತು ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಸಣ್ಣದು. ಅದನ್ನೂ ದಾಟಿ ಕೆಳಗೆ ಇಳಿಯುತ್ತದೆ.

ಆದರೆ ಕಣ್ಣು ಇಲ್ಲಿ ಮೋಸ ಮಾಡುತ್ತದೆ. ಚೂರು ಪದಾರ್ಥ ಸಾಕು, ನೀರು ಕೆಂಪಗೆ ಕಾಣುತ್ತದೆ. ಲೆಕ್ಕ ಹಾಕೋಣ. ನಿಮ್ಮ ಚಹಾ ಬಣ್ಣದ ನೀರಿನಲ್ಲಿ ಲೀಟರಿಗೆ 20 ಮಿಲಿಗ್ರಾಂ ಇಂಗಾಲ ಇದೆ ಅಂತ ಧಾರಾಳವಾಗಿಯೇ ಹಿಡಿಯಿರಿ. ಒಂದು ಎಕರೆಯಿಂದ ನಾಲ್ಕು ಇಂಚಿನಷ್ಟು, ಅಂದರೆ 10 ಸೆಂಟಿಮೀಟರ್ ನೀರು ಹೊರಗೆ ಹೋದರೆ ಅದು ಸುಮಾರು 4 ಲಕ್ಷ ಲೀಟರ್. ಅದರ ಜೊತೆ ಹೋಗುವ ಇಂಗಾಲ 8 ಕೆಜಿ. ಅಷ್ಟೇ.

ಈಗ ನೀವು ಸುಟ್ಟ ಹುಲ್ಲಿನ ಲೆಕ್ಕ. 75 ಕೆಜಿಯ 35 ಚೀಲ ನೆಲ್ಲು ಬಂದ ಎಕರೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ತೂಕದ ಹುಲ್ಲು ಇರುತ್ತದೆ. ಎರಡೂವರೆ ಟನ್ ಅನ್ನಿ. ಅದರಲ್ಲಿ ಶೇಕಡಾ 40 ಇಂಗಾಲ. ಅಂದರೆ ಎಕರೆಗೆ ಒಂದು ಟನ್. ಕಡ್ಡಿ ಗೀರಿದ ಒಂದು ಗಂಟೆಯಲ್ಲಿ ಅದರ ಬಹುಪಾಲು ಹೊಗೆಯಾಗಿ ಹೋಯಿತು. ಹುಲ್ಲಿನಲ್ಲಿದ್ದ ಸಾರಜನಕವೂ ಹತ್ತಿರ ಹತ್ತಿರ ಪೂರಾ ಹೋಯಿತು. ಪೊಟ್ಯಾಷ್ ಬೂದಿಯಲ್ಲಿ ಉಳಿಯುತ್ತದೆ, ಎಕರೆಗೆ 30 ಕೆಜಿಗೂ ಜಾಸ್ತಿ. ಆದರೆ ಗಾಳಿ ಬಂದರೆ, ನೀರು ಹರಿದರೆ ಅದೂ ನಿಮ್ಮದಲ್ಲ. 8 ಕೆಜಿ ಹರಿದು ಹೋದೀತು ಅಂತ 1,000 ಕೆಜಿ ಸುಟ್ಟಿರಿ. ಬೇಜಾರು ಮಾಡಿಕೊಳ್ಳಬೇಡಿ. ಕೆಂಪು ನೀರು ಕಣ್ಣಿಗೆ ಬೀಳುತ್ತದೆ, ಹೊಗೆ ಗಾಳಿಯಲ್ಲಿ ಕರಗಿ ಹೋಗುತ್ತದೆ. ನಮ್ಮ ಮನೆಯಲ್ಲೂ ಅಪ್ಪ ಸುಡುತ್ತಿದ್ದರು.

ಇನ್ನು ಕ್ಯಾನ್ ತಂದವರ ಮಾತು. ಹ್ಯೂಮಿಕ್ ಅಂದರೆ ಗಿಡಗಳು ಕೊಳೆತು ಉಳಿದ ಕಂದು-ಕಪ್ಪು ಪದಾರ್ಥ. ಅದರಲ್ಲಿ ಒಂದು ನಿಜ ಇದೆ. ಆ ನಿಜ ಬಹಳ ದೊಡ್ಡದು, ಅದನ್ನು ಮೊದಲು ಒಪ್ಪಿಕೊಳ್ಳಬೇಕು.

ನಾನು ಮೊದಲ ಸಲ ಅರಬ್ಬೀ ಸಮುದ್ರದಲ್ಲಿ ಆಳದ ನೀರು ತೆಗೆದದ್ದು ನೆನಪಿದೆ. ಹಡಗಿನಿಂದ ತಂತಿಗೆ ಕಟ್ಟಿದ ಬಾಟಲಿಗಳನ್ನು 3,000 ಮೀಟರ್ ಕೆಳಗೆ ಬಿಟ್ಟು, ಅಲ್ಲೇ ಬಾಯಿ ಮುಚ್ಚಿಸಿ, ಮೇಲೆ ಎಳೆಯುತ್ತಾರೆ. ಮೇಲೆ ಬಿಸಿಲು ಸುಡುತ್ತಿದೆ. ಬಾಟಲಿ ಮುಟ್ಟಿದರೆ ಫ್ರಿಜ್‌ನಿಂದ ತೆಗೆದ ಹಾಗೆ ತಣ್ಣಗಿದೆ, ಹೊರಗೆಲ್ಲ ಬೆವರಿದೆ. ಆ ನೀರನ್ನು ಗಾಜಿನ ಸೀಸೆಗೆ ಹಿಡಿದು ಬೆಳಕಿಗೆ ಎತ್ತಿದೆ. ಏನೂ ಇಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ. ಆದರೆ ಅದರ ಒಂದು ಲೀಟರಿನಲ್ಲಿ ಅರ್ಧ ಮಿಲಿಗ್ರಾಂನಷ್ಟು ಸಾವಯವ ಇಂಗಾಲ ಕರಗಿರುತ್ತದೆ. ಅದೇ ಲೀಟರಿನಲ್ಲಿ ಉಪ್ಪು 35 ಗ್ರಾಂ. ಒಂದು ಭಾಗ ಇಂಗಾಲಕ್ಕೆ 70 ಸಾವಿರ ಭಾಗ ಉಪ್ಪು. ಆ ಉಪ್ಪಿನ ರಾಶಿಯಲ್ಲಿ ಈ ಚೂರನ್ನು ಹುಡುಕಿ ಅಳೆಯುವುದೇ ನಮ್ಮ ಕೆಲಸ.

ಅಳೆಯುವುದು ಹೀಗೆ. ಗಾಜಿನ ಸೀಸೆಗಳನ್ನು ಮೊದಲೇ 450 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಸುಟ್ಟಿರುತ್ತೇವೆ. ಗಾಜಿಗೆ ಅಂಟಿದ ಬೆವರು, ಎಣ್ಣೆ ಎಲ್ಲ ಹೋಗಲಿ ಅಂತ. ನೀರಿಗೆ ನಾಲ್ಕು ಹನಿ ಆಮ್ಲ ಹಾಕಿ, ಶುದ್ಧ ಗಾಳಿ ಊದಿ, ಸೋಡಾದಂತೆ ಕರಗಿರುವ ಕಾರ್ಬನ್ ಡೈಆಕ್ಸೈಡ್ ಓಡಿಸುತ್ತೇವೆ. ಉಳಿದ ನೀರಿನ ಒಂದು ಹನಿಯನ್ನು ಸುಮಾರು 700 ಡಿಗ್ರಿಯ ಕುಲುಮೆಗೆ ಬಿಡುತ್ತೇವೆ. ಸಾವಯವ ಇಂಗಾಲ ಪೂರ್ತಿ ಉರಿದು ಅನಿಲವಾಗುತ್ತದೆ. ಆ ಅನಿಲ ಎಷ್ಟು ಅಂತ ಯಂತ್ರ ಹೇಳುತ್ತದೆ. ಒಂದು ಸಲ ನಮ್ಮ ತಂಡದಲ್ಲಿ ಒಬ್ಬರು ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಸೀಸೆಗಳ ಮುಚ್ಚಳ ತೆಗೆದರು. ಮೂರು ದಿನದ ನೀರು ಹಾಳಾಯಿತು. ಆ ದ್ರಾವಣದ ಒಂದೇ ಹನಿಯಲ್ಲಿ ಇಡೀ ಸೀಸೆಯಲ್ಲಿದ್ದುದಕ್ಕಿಂತ ನೂರಾರು ಪಟ್ಟು ಇಂಗಾಲ ಇರುತ್ತದೆ. ಆ ರಾತ್ರಿ ಹಡಗಿನ ಕಟಕಟೆ ಹಿಡಿದು ನಿಂತು ಅತ್ತಿದ್ದೆ.

ಲೀಟರಿಗೆ ಅರ್ಧ ಮಿಲಿಗ್ರಾಂ ಅಂದರೆ ಏನೂ ಅಲ್ಲ ಅನಿಸಬಹುದು. ಆದರೆ ಕಡಲು ದೊಡ್ಡದು. ಜಗತ್ತಿನ ಎಲ್ಲ ಸಮುದ್ರಗಳಲ್ಲಿ ಹೀಗೆ ಕರಗಿರುವ ಇಂಗಾಲ ಒಟ್ಟು ಸುಮಾರು 66 ಸಾವಿರ ಕೋಟಿ ಟನ್. ನಮ್ಮ ತಲೆಯ ಮೇಲಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಆಗಿ ಇರುವ ಇಂಗಾಲಕ್ಕೆ ಇದು ಹತ್ತಿರ ಹತ್ತಿರ ಬರುತ್ತದೆ. ಕಡಲಲ್ಲಿ ಈಜುವ ಮೀನು, ತಿಮಿಂಗಿಲ, ಪಾಚಿ ಎಲ್ಲವನ್ನೂ ಸೇರಿಸಿ ತೂಗಿದರೂ ಇದರ ಮುಂದೆ ಲೆಕ್ಕಕ್ಕಿಲ್ಲ.

ಇದರ ವಯಸ್ಸನ್ನು 1987ರಲ್ಲಿ ಪೀಟರ್ ವಿಲಿಯಮ್ಸ್ ಮತ್ತು ಎಲೆನ್ ಡ್ರಫಲ್ ಅನ್ನುವ ಇಬ್ಬರು ವಿಜ್ಞಾನಿಗಳು ಅಳೆದರು. ಹಳೆಯ ಮೂಳೆ, ಇದ್ದಿಲಿನ ಕಾಲ ತಿಳಿಯಲು ಬಳಸುವ ವಿಕಿರಣ ಇಂಗಾಲದ ವಿಧಾನವನ್ನೇ ಶಾಂತ ಸಾಗರದ ಆಳದ ನೀರಿಗೆ ಬಳಸಿದರು. ಸಿಕ್ಕಿದ ಸರಾಸರಿ ವಯಸ್ಸು ಸುಮಾರು 6,000 ವರ್ಷ. ಅಟ್ಲಾಂಟಿಕ್‌ನ ಆಳದಲ್ಲಿ ಅದು 4,000 ವರ್ಷದ ಹತ್ತಿರ. ಬಳ್ಳಾರಿ ಕಡೆ ಹೋದಾಗ ಕುಡತಿನಿಯ ಬೂದಿದಿಬ್ಬ ನೋಡಿರಬಹುದು. ಹೊಸ ಶಿಲಾಯುಗದ ದನಗಾಹಿಗಳು ಸಗಣಿ ಗುಡ್ಡೆ ಹಾಕಿ ಸುಟ್ಟದ್ದರಿಂದ ಆದದ್ದು. ಅದು ಸುಮಾರು ನಾಲ್ಕು ಸಾವಿರ ವರ್ಷ ಹಳೆಯದು. ಕೊಪ್ಪಳದ ಹಿರೇಬೆಣಕಲ್ ಗುಡ್ಡದ ಮೋರೇರ ಮನೆಗಳು, ಅಂದರೆ ಕಲ್ಲುಚಪ್ಪಡಿಯ ಹಳೇ ಸಮಾಧಿಗಳು, ಅದಕ್ಕಿಂತ ಈಚಿನವು. ಮಸ್ಕಿಯ ಅಶೋಕನ ಶಾಸನ ಇನ್ನೂ ಈಚಿನದು. ಇವೆಲ್ಲಕ್ಕಿಂತ ಹಳೆಯ ಇಂಗಾಲ ಯಾವ ಕಲ್ಲಿನ ರಕ್ಷಣೆಯೂ ಇಲ್ಲದೆ, ಸುಮ್ನೆ ನೀರಿನಲ್ಲಿ ಕರಗಿ ತೇಲುತ್ತಿದೆ. ಕಡಲ ನೀರು ಒಂದು ಸುತ್ತು ಮೇಲೆ ಕೆಳಗೆ ಆಡಿ ಬರಲು ಸುಮಾರು ಸಾವಿರ ವರ್ಷ ಬೇಕು. ಅಂದರೆ ಇದು ಹಲವು ಸುತ್ತು ಹೊಡೆದಿದೆ. ನನಗೆ ಇವತ್ತಿಗೂ ಇದು ಮೈ ಜುಮ್ ಅನ್ನಿಸುವ ಸಂಗತಿ.

ಹಾಗಾಗಿ ಆರು ಸಾವಿರ ವರ್ಷ ಅನ್ನುವ ಮಾತು ಸುಳ್ಳಲ್ಲ. ಅದನ್ನು ಕ್ಯಾನ್‌ಗೆ ಅಂಟಿಸಿದ್ದು ಸುಳ್ಳು.

ಯಾಕೆ ಅಂತ ನೋಡಿ. ಹ್ಯೂಮಿಕ್ ದ್ರವದ ಕ್ಯಾನ್ ಮೇಲೆ ಸಾಮಾನ್ಯವಾಗಿ ಶೇಕಡಾ 12 ಅಂತ ಬರೆದಿರುತ್ತಾರೆ ಅನ್ನಿ. ಲೀಟರಿಗೆ 120 ಗ್ರಾಂ ಹ್ಯೂಮಿಕ್, ಅದರಲ್ಲಿ ಅರ್ಧದಷ್ಟು ಇಂಗಾಲ, 60 ಗ್ರಾಂ. ಅಷ್ಟನ್ನು ಕಡಲ ಆಳದ ನೀರಿನಿಂದ ತೆಗೆಯಬೇಕಾದರೆ ಒಂದು ಚೂರೂ ಬಿಡದೆ ಹಿಂಡಿದರೂ 1 ಲಕ್ಷ 20 ಸಾವಿರ ಲೀಟರ್ ನೀರು ಬೇಕು. 5 ಸಾವಿರ ಲೀಟರಿನ 24 ಟ್ಯಾಂಕರ್. ಅದೂ ಮೂರು ಕಿಲೋಮೀಟರ್ ಆಳದಿಂದ ಎಳೆದದ್ದು. ಒಂದು ಲೀಟರ್ ದ್ರವಕ್ಕೆ ಇಷ್ಟು ಮಾಡಿ 640 ರೂಪಾಯಿಗೆ ಯಾರು ಮಾರುತ್ತಾರೆ? ಮಾರುಕಟ್ಟೆಯ ಹ್ಯೂಮಿಕ್ ಬಹುಪಾಲು ಬರುವುದು ನೆಲದಿಂದ. ಲಿಗ್ನೈಟ್ ಮತ್ತು ಅದರ ಜಾತಿಯ ಕಂದು ಕಲ್ಲಿದ್ದಲನ್ನು ಪೊಟ್ಯಾಷ್ ಕ್ಷಾರದಲ್ಲಿ ನೆನೆಸಿ, ಕರಗಿದ ಕಪ್ಪು ದ್ರವವನ್ನು ತುಂಬುತ್ತಾರೆ. ಕಡಲ ಪಾಚಿಯ ಸಾರ ಬೇರೆ ವಸ್ತು. ಅದು ತಾಜಾ ಪಾಚಿಯನ್ನು ಹಿಂಡಿ ಮಾಡಿದ್ದು. ಅದರಲ್ಲಿ ಆರು ಸಾವಿರ ವರ್ಷದ ಯಾವುದೂ ಇಲ್ಲ.

ಇನ್ನೂ ಮುಖ್ಯವಾದ ಮಾತು ಬೇರೆ ಇದೆ. ಕಡಲ ಆ ಹಳೇ ಇಂಗಾಲವನ್ನೇ ತಂದು ನಿಮ್ಮ ಗದ್ದೆಗೆ ಸುರಿದರೂ ಅದು ಆರು ಸಾವಿರ ವರ್ಷ ಉಳಿಯುತ್ತದೆ ಅಂತ ಇಲ್ಲ. ಅದು ಅಷ್ಟು ದಿನ ಬಾಳಿದ್ದು ಅದು ಇದ್ದ ಜಾಗದಿಂದಲೂ ಹೌದು.

ಇದಕ್ಕೆ ಕಡಲಲ್ಲಿ ಈ ಪದಾರ್ಥ ಹೇಗೆ ಹುಟ್ಟುತ್ತದೆ ಅಂತ ತಿಳಿಯಬೇಕು. ಕಡಲ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಪಾಚಿಕಣಗಳು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಇಂಗಾಲವನ್ನು ಬಿಸಿಲಿನಿಂದ ಕಟ್ಟುತ್ತವೆ. ಅವು ಬದುಕಿರುವಾಗಲೇ ಸಕ್ಕರೆ, ಪ್ರೋಟೀನ್ ಸೋರಿಸುತ್ತವೆ. ವೈರಸ್ ತಗುಲಿ ಒಡೆದರೆ ಒಳಗಿನದೆಲ್ಲ ನೀರಿಗೆ ಚೆಲ್ಲುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೆಕ್ಕುತ್ತವೆ. ಫರೂಕ್ ಅಜಂ ಮತ್ತು ಅವರ ಜೊತೆಗಾರರು 1983ರಲ್ಲಿ ಈ ಚಕ್ರದ ಬಗ್ಗೆ ಬರೆದ ಮೇಲೆಯೇ ಕಡಲ ವಿಜ್ಞಾನಿಗಳು ಬ್ಯಾಕ್ಟೀರಿಯಾಗಳನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡದ್ದು. ಸಕ್ಕರೆ ಗಂಟೆಗಳಲ್ಲಿ ಖಾಲಿ. ಆದರೆ ಬ್ಯಾಕ್ಟೀರಿಯಾ ತಿಂದು ಬಿಟ್ಟದ್ದರಲ್ಲಿ ಒಂದು ಚೂರು ಉಳಿಯುತ್ತದೆ. ಕಚ್ಚಿ ಕಚ್ಚಿ ರೂಪ ಕೆಟ್ಟ ಅಣುಗಳು. ಒಂದೊಂದು ಒಂದೊಂದು ಥರ. ದೊಡ್ಡ ಯಂತ್ರಗಳಲ್ಲಿ ಇಟ್ಟು ನೋಡಿದರೆ ಒಂದೇ ಸೀಸೆಯ ನೀರಿನಲ್ಲಿ ಸಾವಿರಾರು ಬಗೆಯ ಅಣುಗಳು ಸಿಗುತ್ತವೆ. ಅವುಗಳಲ್ಲಿ ಬಹಳಷ್ಟಕ್ಕೆ ಇನ್ನೂ ಹೆಸರಿಟ್ಟಿಲ್ಲ.

ಈ ಉಳಿಕೆ ಯಾಕೆ ಕೊಳೆಯುವುದಿಲ್ಲ? ಒಂದು ಗುಂಪಿನವರು ಅಣುವಿನ ಕಟ್ಟಡವೇ ಗಟ್ಟಿ, ಬ್ಯಾಕ್ಟೀರಿಯಾದ ಹಲ್ಲು ತಾಗುವುದಿಲ್ಲ ಅನ್ನುತ್ತಾರೆ. ಇನ್ನೊಂದು ಗುಂಪಿನವರು ಗಟ್ಟಿ ಏನೂ ಅಲ್ಲ, ಚದುರಿ ಹೋಗಿದೆ ಅಷ್ಟೇ ಅನ್ನುತ್ತಾರೆ. ಆರು ಎಕರೆಯಲ್ಲಿ ಒಂದೊಂದೇ ಜೋಳದ ಕಾಳು ಎಸೆದು ಬಂದರೆ ಕೋಳಿ ಅದನ್ನು ಹುಡುಕಲು ಹೋಗುವುದಿಲ್ಲ, ಅಲ್ವಾ? ನಡೆದ ದಣಿವು ಕಾಳಿನ ಲಾಭಕ್ಕಿಂತ ಜಾಸ್ತಿ. 2015ರಲ್ಲಿ ಹೆಸೂಸ್ ಅರಿಯೆಟಾ ಮತ್ತು ಜೊತೆಗಾರರು ಆಳದ ಕಡಲ ನೀರಿನ ಇಂಗಾಲವನ್ನು ಸಾಂದ್ರ ಮಾಡಿ, ಅಲ್ಲಿನ ಬ್ಯಾಕ್ಟೀರಿಯಾಗಳಿಗೇ ಕೊಟ್ಟರು. ಅವು ಬೆಳೆದವು. ಸಾವಿರಾರು ವರ್ಷ ಕೊಳೆಯದೆ ಇದ್ದದ್ದರಲ್ಲಿ ಒಂದು ಪಾಲು ಒಟ್ಟು ಮಾಡಿ ಕೊಟ್ಟಾಗ ಊಟವಾಯಿತು. ವಾದ ಮುಗಿದಿಲ್ಲ. ಎರಡೂ ಕಾರಣ ಸೇರಿ ಕೆಲಸ ಮಾಡುತ್ತವೆ ಅಂತ ನನ್ನ ಅಭಿಪ್ರಾಯ. ಅದರ ಜೊತೆ ಕತ್ತಲೆ ಇದೆ, ಚಳಿ ಇದೆ. ಅದೇ ಹಳೇ ನೀರು ಮೇಲೆ ಬಂದು ಬಿಸಿಲು ತಾಗಿದರೆ ಅಣುಗಳು ಒಡೆಯುತ್ತವೆ, ಒಡೆದ ಚೂರುಗಳನ್ನು ಬ್ಯಾಕ್ಟೀರಿಯಾ ತಿನ್ನುತ್ತದೆ.

ಈಗ ನಿಮ್ಮ ಗದ್ದೆ ನೆನೆಸಿಕೊಳ್ಳಿ. ಏಪ್ರಿಲ್‌ನ ಬಿಸಿಲು. ಒಂದು ಚಿಟಿಕೆ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ. ಅಲ್ಲಿ ಕಡಲ ತಳದ ಯಾವ ಅನುಕೂಲವೂ ಇಲ್ಲ. ನೆಲದಲ್ಲಿ ಇಂಗಾಲ ಉಳಿಯುವುದು ಬೇರೆ ಕಾರಣಕ್ಕೆ. ಎರೆಮಣ್ಣಿನ ಜೇಡಿಕಣಗಳಿಗೆ ಅಂಟಿಕೊಂಡು, ಹೆಂಟೆಯ ಒಳಗೆ ಸೇರಿಕೊಂಡು ಅದು ಬಾಳುತ್ತದೆ. ಆ ಜೇಡಿ ನಿಮ್ಮ ಹೊಲದಲ್ಲಿ ಬೇಕಾದಷ್ಟಿದೆ. ಅಂಟಿಕೊಳ್ಳಲು ಇಂಗಾಲ ಬರಬೇಕು, ವರ್ಷ ವರ್ಷವೂ ಬರಬೇಕು.

ಎಷ್ಟು ಅಂತ ಕೇಳಿದರೆ, ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕೆಜಿ ತೂಗುತ್ತದೆ. ನಿಮ್ಮ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ ಶೇಕಡಾ 0.5 ಇದ್ದರೆ ಅಲ್ಲಿ 4,500 ಕೆಜಿ ಇಂಗಾಲ ಇದೆ. ಅದಕ್ಕೆ ಕ್ಯಾನಿನಿಂದ ಎಕರೆಗೆ ಹಾಕುವ ಒಂದು ಲೀಟರಿನ 60 ಗ್ರಾಂ ಸೇರಿಸಿದರೆ ಯಾವ ಪರೀಕ್ಷೆಯೂ ಅದನ್ನು ಕಂಡುಹಿಡಿಯಲಾರದು. ನೀವು ಸುಡುವ ಹುಲ್ಲಿನಲ್ಲಿ 1,000 ಕೆಜಿ ಇದೆ. ಅದರ ಬಹುಪಾಲು ಮಣ್ಣಿನ ಜೀವಿಗಳು ತಿಂದು ಉಸಿರಾಡಿ ಬಿಡುತ್ತವೆ, ನಿಜ. ಉಳಿಯುವ ಚಿಕ್ಕ ಪಾಲೂ ಕ್ಯಾನಿನದಕ್ಕಿಂತ ಸಾವಿರಾರು ಪಟ್ಟು ದೊಡ್ಡದು.

ಹಾಗಂತ ಹ್ಯೂಮಿಕ್ ಬರೀ ಕಪ್ಪು ನೀರು ಅಂತ ನಾನು ಹೇಳುವುದಿಲ್ಲ. ಅದಕ್ಕೆ ಒಂದು ಒಳ್ಳೆಯ ಗುಣ ಇದೆ, ಕಡಲಲ್ಲೂ ಅದೇ ಗುಣ ಕೆಲಸ ಮಾಡುತ್ತದೆ. ಕಡಲ ನೀರಿನಲ್ಲಿ ಕರಗಿರುವ ಕಬ್ಬಿಣದಲ್ಲಿ ಶೇಕಡಾ 99ಕ್ಕಿಂತ ಜಾಸ್ತಿ ಸಾವಯವ ಅಣುಗಳ ಕೈ ಹಿಡಿದುಕೊಂಡೇ ಇರುತ್ತದೆ. ಆ ಕೈ ಬಿಟ್ಟರೆ ಕಬ್ಬಿಣ ತುಕ್ಕಾಗಿ ತಳಕ್ಕೆ ಇಳಿಯುತ್ತದೆ, ಪಾಚಿಗೆ ಸಿಗುವುದಿಲ್ಲ. ಮಣ್ಣಿನಲ್ಲೂ ಹ್ಯೂಮಿಕ್ ಹೀಗೇ ಸತು, ಕಬ್ಬಿಣವನ್ನು ಹಿಡಿದು ಬೇರಿನ ಹತ್ತಿರ ಇಡಬಲ್ಲದು. ಕೆಲವು ಕಡೆ ಬೇರು ಚೆನ್ನಾಗಿ ಬಿಟ್ಟದ್ದೂ ಉಂಟು. ಲಾಭ ಕಂಡರೂ ಸಣ್ಣದು, ಹೊಲದಿಂದ ಹೊಲಕ್ಕೆ ಬೇರೆ. ನೆಲದ ಇಂಗಾಲ ಹೆಚ್ಚುತ್ತದೆ ಅಂತ ಮಾತ್ರ ತೆಗೆದುಕೊಳ್ಳಬೇಡಿ.

ತೆಗೆದುಕೊಳ್ಳುವುದೇ ಆದರೆ ಆರು ಎಕರೆಗೂ ಬೇಡ. ಒಂದು ಎಕರೆಗೆ ಹಾಕಿ, ಪಕ್ಕದ ಎಕರೆ ಹಾಗೇ ಬಿಡಿ. ಉಳಿದ ಗೊಬ್ಬರ, ನೀರು, ಕೀಟನಾಶಕ ಎರಡಕ್ಕೂ ಸಮ ಇರಲಿ. ಚೀಲ ಎಣಿಸಿ ನೋಡಿ. ಕ್ಯಾನ್ ಮೇಲೆ ಏನು ಬರೆದಿದೆ ಅಂತಲೂ ಓದಿ. 2021ರಿಂದ ಹ್ಯೂಮಿಕ್ ಮತ್ತು ಪಾಚಿಸಾರ ಎರಡೂ ರಸಗೊಬ್ಬರ ನಿಯಂತ್ರಣ ಆದೇಶದ ಅಡಿಯಲ್ಲಿ ಜೈವಿಕ ಉತ್ತೇಜಕಗಳ ಪಟ್ಟಿಗೆ ಬಂದಿವೆ. ಒಳಗೆ ಏನಿದೆ, ಎಷ್ಟಿದೆ ಅಂತ ಬರೆಯದ ಕ್ಯಾನ್ ಮನೆಗೆ ತರಬೇಡಿ. ಬಿಲ್ ಇಲ್ಲದೆ ಕೊಡುವವರಿಂದ ಖಂಡಿತ ಬೇಡ.

ಇನ್ನೊಂದು ಎಚ್ಚರಿಕೆ. ಹ್ಯೂಮಿಕ್ ದ್ರವವನ್ನು ಸತುವಿನ ಸಲ್ಫೇಟ್ ಅಥವಾ ಕ್ಯಾಲ್ಸಿಯಂ ನೈಟ್ರೇಟ್ ಜೊತೆ ಒಂದೇ ಡ್ರಮ್‌ನಲ್ಲಿ ಬೆರೆಸಬೇಡಿ. ಹಾಲು ಒಡೆದ ಹಾಗೆ ಒಡೆಯುತ್ತದೆ. ಕಪ್ಪು ಗಸಿ ಕೆಳಗೆ ಕೂರುತ್ತದೆ, ಪಂಪಿನ ನಳಿಕೆ ಕಟ್ಟುತ್ತದೆ. ಎರಡೂ ದುಡ್ಡು ಹಾಳು.

ಈ ಒಡೆಯುವ ಆಟದಲ್ಲೇ ನಿಮ್ಮ ಮಗಳ ಪ್ರಶ್ನೆಗೆ ಉತ್ತರದ ಒಂದು ತುದಿ ಇದೆ. ಅವಳಿಗೆ ಹೇಳಿ, ಗಾಜಿನ ಲೋಟದ ನೀರಿಗೆ ನಾಲ್ಕೈದು ಹನಿ ಹ್ಯೂಮಿಕ್ ಹಾಕಲಿ. ಚಹಾದ ಬಣ್ಣ ಬರುತ್ತದೆ. ಅದಕ್ಕೆ ಒಂದು ಚಿಟಿಕೆ ಪಟಕದ ಪುಡಿ ಹಾಕಿ ಕದಡಲಿ. ಸ್ವಲ್ಪ ಹೊತ್ತಿಗೆ ಕಂದು ಎಳೆಗಳು ಕಟ್ಟಿಕೊಂಡು ತಳಕ್ಕೆ ಇಳಿಯುತ್ತವೆ, ಮೇಲಿನ ನೀರು ತಿಳಿಯಾಗುತ್ತದೆ. ಪಟಕದ ಅಲ್ಯೂಮಿನಿಯಂ ಮಾಡಿದ್ದನ್ನೇ ನದಿ ಕಡಲಿಗೆ ಸೇರುವ ಅಳಿವೆಯಲ್ಲಿ ಉಪ್ಪುನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ನಿಧಾನಕ್ಕೆ ಮಾಡುತ್ತವೆ. ನದಿ ತಂದ ಕಂದು ಪದಾರ್ಥದಲ್ಲಿ ಒಂದು ಸಣ್ಣ ಪಾಲು ಅಲ್ಲೇ ಗಸಿಯಾಗಿ ಕೂರುತ್ತದೆ, ನದಿಯ ಕಬ್ಬಿಣದ ಬಹುಪಾಲೂ ಅದರ ಜೊತೆ ಇಳಿಯುತ್ತದೆ.

ಉಳಿದದ್ದನ್ನು ಬಿಸಿಲು ನೋಡಿಕೊಳ್ಳುತ್ತದೆ. ನಾವು ಒಮ್ಮೆ ಕಂದು ನದಿನೀರನ್ನು ಎರಡು ಸ್ಫಟಿಕದ ಕೊಳವೆಗಳಲ್ಲಿ ತುಂಬಿ, ಒಂದಕ್ಕೆ ಕರಿ ಕಾಗದ ಸುತ್ತಿ, ಎರಡನ್ನೂ ಮಾಳಿಗೆ ಮೇಲೆ ಇಟ್ಟೆವು. ವಾರದ ನಂತರ ಕಾಗದ ಸುತ್ತಿದ್ದು ಹೆಚ್ಚುಕಡಿಮೆ ಹಾಗೇ ಇತ್ತು. ಬಿಸಿಲಿಗೆ ಬಿಟ್ಟದ್ದು ಹೊಲದಲ್ಲಿ ಒಣಗಲು ಹಾಕಿದ ಕೆಂಪು ಸೀರೆಯಂತೆ ಬಿಳಿಚಿತ್ತು. ಬಣ್ಣ ಕೊಡುವ ಉಂಗುರದಂಥ ಅಣುಗಳೇ ಬಿಸಿಲನ್ನು ಜಾಸ್ತಿ ಹೀರುತ್ತವೆ, ಹೀರಿ ಒಡೆಯುತ್ತವೆ. ಹಾಗಾಗಿ ಬಣ್ಣ ಮೊದಲು ಹೋಗುತ್ತದೆ.

ನಿಮ್ಮ ಹಳ್ಳದ ನೀರಿನ ದಾರಿ ನೋಡಿ. ತುಂಗಭದ್ರೆ ಸೇರಿ, ಕರ್ನೂಲಿನ ಮುಂದೆ ಕೃಷ್ಣೆಗೆ ಕೂಡಿ, ಶ್ರೀಶೈಲದಲ್ಲಿ ನಿಂತು, ನಾಗಾರ್ಜುನಸಾಗರದಲ್ಲಿ ನಿಂತು, ವಿಜಯವಾಡದ ಪ್ರಕಾಶಂ ಬ್ಯಾರೇಜ್ ದಾಟಿ, ಹಂಸಲದೀವಿಯ ಹತ್ತಿರ ಬಂಗಾಳ ಕೊಲ್ಲಿಗೆ ಸೇರಬೇಕು. ಪ್ರತಿ ಜಲಾಶಯದಲ್ಲೂ ತಿಂಗಳುಗಟ್ಟಲೆ ಬಿಸಿಲು, ತಿಂಗಳುಗಟ್ಟಲೆ ಬ್ಯಾಕ್ಟೀರಿಯಾ. ನಿಮ್ಮ 8 ಕೆಜಿಯಲ್ಲಿ ಸಾಕಷ್ಟು ದಾರಿಯಲ್ಲೇ ಗಾಳಿಗೆ ಹೋಗುತ್ತದೆ.

ಜಗತ್ತಿನ ಎಲ್ಲ ನದಿಗಳು ಸೇರಿ ವರ್ಷಕ್ಕೆ ಸುಮಾರು 25 ಕೋಟಿ ಟನ್ ಕರಗಿದ ಸಾವಯವ ಇಂಗಾಲವನ್ನು ಕಡಲಿಗೆ ತರುತ್ತವೆ. ಮಗಳಿಗೆ ಭಾಗಾಕಾರ ಮಾಡಲು ಹೇಳಿ. 66 ಸಾವಿರ ಕೋಟಿಯನ್ನು 25 ಕೋಟಿಯಿಂದ ಭಾಗಿಸಿದರೆ 2,640 ಬರುತ್ತದೆ. ನದಿ ತಂದದ್ದೆಲ್ಲ ಉಳಿದಿದ್ದರೆ ಮೂರು ಸಾವಿರ ವರ್ಷದೊಳಗೆ ಕಡಲ ಇಂಗಾಲವೆಲ್ಲ ನದಿಯದೇ ಆಗಬೇಕಿತ್ತು. ಆದರೆ ಮರ, ಹುಲ್ಲಿನ ಗುರುತಾದ ಲಿಗ್ನಿನ್ ಅನ್ನು ತೆರೆದ ಕಡಲಲ್ಲಿ ಹುಡುಕಿದರೆ ಸಿಗುವುದು ತೀರಾ ಕಡಿಮೆ. ಜಾನ್ ಹೆಜಸ್ ಅನ್ನುವ ರಸಾಯನ ವಿಜ್ಞಾನಿ ಮತ್ತು ಅವರ ಜೊತೆಗಾರರು 1997ರಲ್ಲಿ ನೆಲದ ಇಂಗಾಲ ಕಡಲಿಗೆ ಬಂದು ಏನಾಗುತ್ತದೆ ಅನ್ನುವ ಇದೇ ಪ್ರಶ್ನೆಯನ್ನು ಲೋಕದ ಮುಂದೆ ಇಟ್ಟಿದ್ದರು. ನಿಮ್ಮ ಮಗಳು ಅದನ್ನು ತಾನಾಗಿ ಕೇಳಿದಳು. ಅವಳನ್ನು ಮುಂದೆ ಓದಿಸಿ.

ಒಂದು ಜಾತಿಯ ನೆಲದ ಇಂಗಾಲ ಮಾತ್ರ ಹಟಮಾರಿ. ಬೆಂಕಿಯಿಂದ ಹುಟ್ಟಿದ್ದು. ಇದ್ದಿಲು ನೀರಿನಲ್ಲಿ ಕರಗುವುದಿಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಮಣ್ಣಿನಲ್ಲಿ ಬಿದ್ದ ಕರಿ ವರ್ಷಗಳಲ್ಲಿ ನಿಧಾನಕ್ಕೆ ಕರಗಿ ನದಿಗೆ ಬರುತ್ತದೆ ಅಂತ 2013ರಲ್ಲಿ ರುಡಾಲ್ಫ್ ಜಾಫೆ ಮತ್ತು ಜೊತೆಗಾರರು ಜಗತ್ತಿನ ಬೇರೆ ಬೇರೆ ನದಿಗಳ ನೀರು ಪರೀಕ್ಷಿಸಿ ತೋರಿಸಿದರು. ನದಿಗಳ ಕರಗಿದ ಇಂಗಾಲದಲ್ಲಿ ಹತ್ತರಲ್ಲಿ ಒಂದು ಪಾಲು ಬೆಂಕಿಯದು. ವರ್ಷಕ್ಕೆ 2.7 ಕೋಟಿ ಟನ್ ಹತ್ತಿರ. ಕಾಡ್ಗಿಚ್ಚು, ಒಲೆ, ಹೊಲಕ್ಕೆ ಹಚ್ಚಿದ ಬೆಂಕಿ ಎಲ್ಲದರ ನೆನಪು ಅದರಲ್ಲಿದೆ. ಹೋದ ವರ್ಷದ ನಿಮ್ಮ ಹುಲ್ಲಿನ ಕರಿಯೂ ಆ ದಾರಿ ಹಿಡಿದಿರುತ್ತದೆ.

ಈಗ ಹುಲ್ಲನ್ನು ಏನು ಮಾಡುವುದು ಅನ್ನುವ ಪ್ರಶ್ನೆ.

ಮಣ್ಣಿಗೆ ಸೇರಿಸುವುದು ನನ್ನ ಮೊದಲ ಮಾತು. ಆದರೆ ಇದರಲ್ಲೂ ಅಪಾಯ ಇದೆ, ಅದನ್ನು ಮುಚ್ಚಿಡುವುದಿಲ್ಲ. ನೀವು ಬರೆದಂತೆ ಹಸಿ ಹುಲ್ಲಿನ ಮೇಲೆ ನೀರು ಕಟ್ಟಿದ ಕೂಡಲೇ ನಾಟಿ ಮಾಡಿದರೆ ಸಸಿ ಹಳದಿ ಆಗುತ್ತದೆ. ಹುಲ್ಲು ಕೊಳೆಸುವ ಬ್ಯಾಕ್ಟೀರಿಯಾಗಳು ಮಣ್ಣಿನ ಸಾರಜನಕವನ್ನು ತಾವೇ ಹಿಡಿದಿಟ್ಟುಕೊಳ್ಳುತ್ತವೆ. ಗಾಳಿ ಇಲ್ಲದ ಕೆಸರಿನಲ್ಲಿ ಕೊಳೆತರೆ ಕೊಳೆ ಮೊಟ್ಟೆಯ ವಾಸನೆ ಬರುತ್ತದೆ, ಬೇರು ಕಪ್ಪಾಗುತ್ತದೆ. ಮೀಥೇನ್ ಅನಿಲವೂ ಜಾಸ್ತಿ ಹೊರಡುತ್ತದೆ, ಅದು ಭೂಮಿಯ ಬಿಸಿ ಏರಿಸುವುದರಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಬಲ. ಇದಕ್ಕೆ ಉಪಾಯ ಸಮಯ. ಕೊಯ್ದ ಕೂಡಲೇ ನೆಲದಲ್ಲಿ ಹಸಿ ಇರುವಾಗ ರೋಟವೇಟರ್ ಹೊಡೆಸಿ, ನೀರು ನಿಲ್ಲಿಸದೆ ಮೂರು ನಾಲ್ಕು ವಾರ ಬಿಡಿ. ಗಾಳಿಯಲ್ಲಿ ಕೊಳೆಯಲಿ. ಆಮೇಲೆ ನೀರು ಕಟ್ಟಿದರೆ ಚಹಾದ ಬಣ್ಣವೂ ತಿಳಿಯಾಗಿರುತ್ತದೆ. ಮೊದಲ ವರ್ಷ ಯೂರಿಯಾದ ಮೊದಲ ಕಂತನ್ನು ತಡ ಮಾಡಬೇಡಿ.

ಎರಡನೇ ಬೆಳೆಗೆ ಕಾಲುವೆ ನೀರು ಬಿಡುವ ವರ್ಷ ಅಷ್ಟು ಸಮಯ ಸಿಗುವುದಿಲ್ಲ, ಗೊತ್ತು. ಆಗ ಅರ್ಧ ಹುಲ್ಲನ್ನು ಪೆಂಡಿ ಕಟ್ಟಿಸಿ ಹೊರಗೆ ತೆಗೆಯಿರಿ. ದನ ಇರುವವರು ಮೇವಿಗೆ ಒಯ್ಯುತ್ತಾರೆ. ಅವರಿಂದ ಬದಲಿಗೆ ತಿಪ್ಪೆಗೊಬ್ಬರ ಕೇಳಿ, ನಾಚಿಕೆ ಬೇಡ. ಎಲ್ಲ ಹುಲ್ಲನ್ನೂ ವರ್ಷ ವರ್ಷ ಮಾರಿದರೆ ಪೊಟ್ಯಾಷ್ ಹೊಲದಿಂದ ಹೊರಗೆ ಹೋಗುತ್ತಲೇ ಇರುತ್ತದೆ, ಅದನ್ನು ದುಡ್ಡು ಕೊಟ್ಟು ತುಂಬಬೇಕಾಗುತ್ತದೆ. ಒಂದೇ ಬೆಳೆಯ ವರ್ಷ ಮುಂಗಾರಿಗೆ ಮುಂಚೆ ಸೆಣಬು ಅಥವಾ ಡಯಾಂಚ ಬಿತ್ತಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಹೊಡೆಯಬಹುದು. ಅದಕ್ಕೆ ಸ್ವಲ್ಪ ನೀರಾದರೂ ಬೇಕು. ಕಾಲುವೆಯ ಕೊನೆಭಾಗದಲ್ಲಿ ಇರುವವರಿಗೆ ಇದು ಪ್ರತಿ ವರ್ಷ ಆಗುವ ಮಾತಲ್ಲ.

ಬದು ದಾಟುವ ನೀರಿನ ಬಗ್ಗೆಯೂ ಒಂದು ಮಾತು. ಕೆಂಪು ನೀರಿಗಿಂತ ತಿಳಿ ನೀರಿಗೆ ಹೆದರಿ. ಯೂರಿಯಾ ಎರಚಿದ ಮಾರನೇ ದಿನ ಹೊರಗೆ ಹೋಗುವ ನೀರು ನೋಡಲು ಸ್ವಚ್ಛ ಇರುತ್ತದೆ. ಅದರಲ್ಲಿ ನೀವು ದುಡ್ಡು ಕೊಟ್ಟ ಸಾರಜನಕ ಕರಗಿರುತ್ತದೆ. ಗೊಬ್ಬರ ಹಾಕಿದ ಮೇಲೆ ನಾಲ್ಕೈದು ದಿನ ಮಡೆ ಮುಚ್ಚಿಡಿ.

ಮೇ ತಿಂಗಳಲ್ಲಿ ಹೊಲ ಒಣಗಿರುವಾಗ ಐದಾರು ಕಡೆಯಿಂದ ಅರ್ಧ ಅಡಿ ಆಳದ ಮಣ್ಣು ತೆಗೆದು, ಬೆರೆಸಿ, ಅರ್ಧ ಕೆಜಿಯನ್ನು ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. ಸಾವಯವ ಇಂಗಾಲ ಮತ್ತು ಸತು ಎರಡನ್ನೂ ನೋಡಿಸಿ. ಸತು ಕಡಿಮೆ ಬಂದರೆ 6,400 ರೂಪಾಯಿಯ ಎರಡು ಕ್ಯಾನ್‌ಗಿಂತ ಒಂದು ಚೀಲ ಸತುವಿನ ಸಲ್ಫೇಟ್ ನಿಮಗೆ ಜಾಸ್ತಿ ಕೊಡುತ್ತದೆ. ಮಣ್ಣಿನ ಚೀಟಿ ಬಂದ ಮೇಲೆ ಅದರ ಅಂಕಿಗಳನ್ನು ಬರೆದು ಕಳಿಸಿ. ಮಗಳು ಪಟಕದ ಲೋಟದಲ್ಲಿ ಏನು ಕಂಡಳು ಅಂತಲೂ ಬರೆಯಲಿ.